ಮನೆಗೊಂದು ಲ್ಯಾಪ್‌ಟಾಪ್: ಅಂಗಡಿಗೆ ಹೋಗುವ ಮುನ್ನ ಒಂದಿಷ್ಟು ಲೆಕ್ಕ

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗಲೆಲ್ಲ ನಿಮ್ಮಂಥವರಿಂದ ಕೇಳಿಬರುವ ಪ್ರಶ್ನೆಯೊಂದಿದೆ. "ಮನೆಗೆ ಲ್ಯಾಪ್‌ಟಾಪ್ ತಗೋಬೇಕು ಅಂತಿದ್ದಾರೆ, ಯಾವುದು ಒಳ್ಳೇದು?" ಒಂದು ಕಂಪನಿಯ ಹೆಸರು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡಬಹುದು. ಆದರೆ ಇಂದು ಅಂಗಡಿಯಲ್ಲಿರುವ ಮಾದರಿ ಮುಂದಿನ ವರ್ಷ ಇರುವುದಿಲ್ಲ. ಬದಲಾಗದೆ ಉಳಿಯುವುದು ಅದರ ಹಿಂದಿನ ವಿಜ್ಞಾನ ಮತ್ತು ಲೆಕ್ಕ. ಅದನ್ನು ನೀವೇ ಮಾಡಬಲ್ಲಿರಿ.

ಮಾಡಲೇಬೇಕಾದ ಕಾರಣವೂ ಇದೆ. ಲ್ಯಾಪ್‌ಟಾಪ್‌ನ ಬೆಲೆ 35,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕಡಲೆಕಾಯಿಗೆ ಕ್ವಿಂಟಲ್‌ಗೆ 7,263 ರೂ., ರಾಗಿಗೆ 4,886 ರೂ. ಭಾಗಿಸಿ ನೋಡಿ. ಒಂದು ಲ್ಯಾಪ್‌ಟಾಪ್ ಎಂದರೆ ಹತ್ತಿರಹತ್ತಿರ ಐದು ಕ್ವಿಂಟಲ್ ಕಡಲೆಕಾಯಿ, ಇಲ್ಲವೇ ಏಳು ಕ್ವಿಂಟಲ್ ದಾಟಿದ ರಾಗಿ. ಮಳೆ ಕೈಕೊಟ್ಟ ವರ್ಷ ಪಾವಗಡದ ಖುಷ್ಕಿ ಹೊಲದಲ್ಲಿ ಐದು ಕ್ವಿಂಟಲ್ ಕಡಲೆಕಾಯಿ ಬೆಳೆಯುವುದು ಎಷ್ಟು ಕಷ್ಟ ಎಂದು ನಿಮ್ಮ ಮನೆಯವರನ್ನು ಕೇಳಿ. ಇಷ್ಟು ಹಣ ಕೊಟ್ಟು ತಂದ ಯಂತ್ರ ಆರು ತಿಂಗಳಿಗೆ ಮೂಲೆ ಸೇರಿದರೆ ಆ ಬೆವರು ವ್ಯರ್ಥ. ಇನ್ನೊಂದು ಮಾತು. ಲ್ಯಾಪ್‌ಟಾಪ್‌ಗೆ ಅಂಟಿಸಿದ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅನೇಕ ಮನೆಗಳಲ್ಲಿ ಅದನ್ನು ಓದಿ ಹೇಳಬೇಕಾದವರು ನೀವೇ. ಆದ್ದರಿಂದ ಆ ಚೀಟಿಯನ್ನು ಓದಲು ಕಲಿಯೋಣ.

ಮೊದಲು ಕೆಲಸಗಳ ಪಟ್ಟಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ಯಾರು, ಯಾವ ಕೆಲಸಕ್ಕೆ ಲ್ಯಾಪ್‌ಟಾಪ್ ಬಳಸುತ್ತಾರೆ ಎಂದು ಬರೆಯಿರಿ. ಅಕ್ಕನ ಕಾಲೇಜಿನ ಪಾಠ, ವಿದ್ಯಾರ್ಥಿವೇತನದ ಅರ್ಜಿ, ಅಪ್ಪನಿಗೆ ಪಹಣಿ ನೋಡುವುದು, ಅಮ್ಮನ ಸ್ವಸಹಾಯ ಸಂಘದ ಲೆಕ್ಕ, ಮದುವೆ ಫೋಟೋಗಳನ್ನು ಕೂಡಿಡುವುದು, ರಾತ್ರಿ ಒಂದು ಸಿನಿಮಾ. ಹೆಚ್ಚಿನ ಮನೆಗಳ ಪಟ್ಟಿ ಇಲ್ಲಿಗೆ ಮುಗಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ ಭಾರಿ ಯಂತ್ರ ಬೇಡ. ದೊಡ್ಡ ಆಟಗಳನ್ನು ಆಡುವವರಿಗೆ, ಸಿನಿಮಾ ಸಂಕಲನ ಮಾಡುವವರಿಗೆ ಬೇಕಾದ ಲ್ಯಾಪ್‌ಟಾಪ್‌ಗೆ ಎರಡರಷ್ಟು ಬೆಲೆ. ಗೊಬ್ಬರದ ಎರಡು ಮೂಟೆ ತರಲು ಯಾರೂ ಲಾರಿ ಕೊಳ್ಳುವುದಿಲ್ಲ, ಅಲ್ಲವೇ?

ಪಟ್ಟಿಯಲ್ಲಿ ಇರುವುದು ಬರೀ ಫೋನ್‌ನಲ್ಲೇ ಆಗುವ ಕೆಲಸಗಳಾದರೆ ಲ್ಯಾಪ್‌ಟಾಪ್ ಈ ವರ್ಷ ಬೇಡ ಎಂಬ ತೀರ್ಮಾನಕ್ಕೂ ಬರಬಹುದು. ಅದೂ ಸರಿಯಾದ ಉತ್ತರವೇ. ಆದರೆ ಉದ್ದದ ಬರಹ, ಲೆಕ್ಕದ ಪಟ್ಟಿ, ಗಣಕ ಕಾರ್ಯಕ್ರಮ ರಚನೆಯ ಕಲಿಕೆ ಇವು ಫೋನಿನ ಪುಟ್ಟ ಪರದೆಯಲ್ಲಿ ಹಿತವಾಗಿ ಆಗುವುದಿಲ್ಲ.

ಕಣ, ಹಗೇವು, ರೋಣಗಲ್ಲು

ಚೀಟಿಯಲ್ಲಿ ಮೂರು ಮುಖ್ಯ ವಿಷಯಗಳಿರುತ್ತವೆ: ಪ್ರೊಸೆಸರ್, ರ್‍ಯಾಮ್, ಸಂಗ್ರಹ. ಇವುಗಳ ಸಂಬಂಧ ತಿಳಿಯಲು ಸುಗ್ಗಿಯನ್ನು ನೆನೆಯಿರಿ.

ರಾಗಿ ತೆನೆ ಹರಡಿ ಒಕ್ಕುವ ಜಾಗ ಕಣ. ಒಕ್ಕಣೆ ಮಾಡುವುದು ಎತ್ತುಗಳು ಎಳೆಯುವ ರೋಣಗಲ್ಲು. ಒಕ್ಕಿದ ಕಾಳು ಹೋಗಿ ಸೇರುವುದು ಹಗೇವಿಗೆ. ಹಗೇವು ನೋಡದವರು ಅಜ್ಜಿಯನ್ನು ಕೇಳಿ. ನೆಲದೊಳಗೆ ತೋಡಿ ರಾಗಿ ತುಂಬಿಡುತ್ತಿದ್ದ ಕಣಜ ಅದು. (ಈಗ ತೆನೆಯನ್ನು ಟಾರು ರಸ್ತೆಗೇ ಹರಡಿ, ಓಡಾಡುವ ವಾಹನಗಳಿಂದ ಒಕ್ಕಿಸುವುದನ್ನು ನೀವು ನೋಡಿರಬಹುದು. ಬೈಕಿನವರ ಪ್ರಾಣಕ್ಕೆ ಕುತ್ತು ತರುವ ಅಭ್ಯಾಸ. ಅದರ ಮಾತು ಇಲ್ಲಿ ಬೇಡ.)

ಲ್ಯಾಪ್‌ಟಾಪ್‌ನಲ್ಲಿ ರೋಣಗಲ್ಲಿನ ಕೆಲಸ ಪ್ರೊಸೆಸರ್‌ನದು. ಕಣವೆಂದರೆ ರ್‍ಯಾಮ್. ಹಗೇವು ಎಂದರೆ ಸಂಗ್ರಹ. ಕಣದಲ್ಲಿ ಇರುವುದು ಆ ಹೊತ್ತಿನ ಕೆಲಸ ಮಾತ್ರ. ಕೆಲಸ ಮುಗಿದ ಮೇಲೆ ಕಣವನ್ನು ಗುಡಿಸಿಬಿಡುತ್ತಾರೆ. ಹಾಗೆಯೇ ಯಂತ್ರವನ್ನು ಆರಿಸಿದಾಗ ರ್‍ಯಾಮ್ ಖಾಲಿಯಾಗುತ್ತದೆ. ನೀವು 'ಸೇವ್' ಮಾಡುವುದೆಂದರೆ ಕಣದ ಕಾಳನ್ನು ಹಗೇವಿಗೆ ಸೇರಿಸುವುದು.

ಕಣ ಚಿಕ್ಕದಾದರೆ ಏನಾಗುತ್ತದೆ? ಒಂದು ಹೊರೆ ಹರಡಿ, ಒಕ್ಕಿ, ಎತ್ತಿಟ್ಟು, ಮತ್ತೊಂದು ಹೊರೆ ತರಬೇಕು. ಎತ್ತುಗಳು ಎಷ್ಟೇ ಗಟ್ಟಿಯಾಗಿದ್ದರೂ ಸುಮ್ಮನೆ ನಿಂತು ಕಾಯುತ್ತವೆ. ರ್‍ಯಾಮ್ ಕಡಿಮೆಯಾದ ಲ್ಯಾಪ್‌ಟಾಪ್ ಕೂಡ ಹೀಗೆಯೇ ರ್‍ಯಾಮ್‌ಗೂ ಸಂಗ್ರಹಕ್ಕೂ ನಡುವೆ ಸಾಮಾನು ಹೊತ್ತು ಓಡಾಡುತ್ತದೆ. ನಮಗೆ ಕಾಣುವುದು ಪರದೆಯ ಮೇಲೆ ತಿರುಗುತ್ತಲೇ ಇರುವ ಚಕ್ರ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ್‍ಯಾಮ್ ಇರಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಕನಿಷ್ಠ ಎಂದರೆ ಯಂತ್ರ ಎದ್ದು ನಿಲ್ಲಲು ಸಾಕು ಎಂದಷ್ಟೇ ಅರ್ಥ. ಮನೆಯ ಬಳಕೆಗೆ 8 ಜಿ.ಬಿ. ಕೇಳಿ. ದುಡ್ಡು ಉಳಿಸಲೆಂದು ಬೇರೆ ಯಾವುದನ್ನು ಕಡಿಮೆ ಮಾಡಿದರೂ ಇದನ್ನು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಮುಂದೆ ರ್‍ಯಾಮ್ ಹೆಚ್ಚಿಸಲು ಒಳಗೆ ಖಾಲಿ ಜಾಗ ಇದೆಯೇ ಎಂದೂ ಕೇಳಬೇಕು. ಕೆಲವು ಮಾದರಿಗಳಲ್ಲಿ ರ್‍ಯಾಮ್ ಅನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಅಂಥ ಕಣವನ್ನು ಎಂದೂ ಹಿಗ್ಗಿಸಲಾಗದು.

ಪ್ರೊಸೆಸರ್ ವಿಷಯದಲ್ಲಿ ಜನ ಮೋಸಹೋಗುವುದು ಗಿಗಾಹರ್ಟ್ಸ್ ಎಂಬ ಸಂಖ್ಯೆಯಿಂದ. ಅದು ಎತ್ತಿನ ಹೆಜ್ಜೆಯ ವೇಗ ಇದ್ದಂತೆ. ಎಷ್ಟು ಜೋಡಿ ಎತ್ತುಗಳಿವೆ, ಒಂದು ಸುತ್ತಿಗೆ ಎಷ್ಟು ತೆನೆ ಒಕ್ಕುತ್ತವೆ ಎಂಬುದನ್ನು ಅದು ಹೇಳುವುದಿಲ್ಲ. ಜೋಡಿಗಳ ಸಂಖ್ಯೆಯನ್ನು 'ಕೋರ್' ಎನ್ನುತ್ತಾರೆ. ಹತ್ತು ವರ್ಷದ ಹಿಂದಿನ 2 ಕೋರ್‌ಗಳ ಪ್ರೊಸೆಸರ್‌ನಲ್ಲಿ ಗಿಗಾಹರ್ಟ್ಸ್ ಹೆಚ್ಚಿದ್ದರೂ ಇಂದಿನ 4 ಕೋರ್‌ಗಳದು ಅದನ್ನು ಹಿಂದಿಕ್ಕಬಹುದು. ಕೋರ್ ಐ3, ರೈಜೆನ್ 3 ಎಂಬ ಹೆಸರಿನ ಇತ್ತೀಚಿನ ಪೀಳಿಗೆಯವು ಮೇಲಿನ ಪಟ್ಟಿಯ ಕೆಲಸಗಳಿಗೆ ಧಾರಾಳವಾಗಿ ಸಾಕು.

ಅಂಗಡಿಯವರು ಜಿ.ಬಿ. ಕದ್ದರೇ?

ಚೀಟಿಯಲ್ಲಿ ಸಂಗ್ರಹ 256 ಜಿ.ಬಿ. ಎಂದಿರುತ್ತದೆ. ಮನೆಗೆ ತಂದು ವಿಂಡೋಸ್‌ನಲ್ಲಿ ನೋಡಿದರೆ 238 ಜಿ.ಬಿ. ಎಂದು ಕಾಣುತ್ತದೆ. ಉಳಿದ 18 ಎಲ್ಲಿ ಹೋಯಿತು?

ಯಾರೂ ಕದ್ದಿಲ್ಲ. ತಯಾರಕರ ಲೆಕ್ಕದಲ್ಲಿ 1 ಜಿ.ಬಿ. ಎಂದರೆ ಸರಿಯಾಗಿ 100 ಕೋಟಿ ಬೈಟ್. ವಿಂಡೋಸ್‌ನ ಲೆಕ್ಕ ಎರಡರ ಘಾತಗಳಲ್ಲಿ ನಡೆಯುತ್ತದೆ. ಅದಕ್ಕೆ 1 ಜಿ.ಬಿ. ಎಂದರೆ 1024 × 1024 × 1024, ಅಂದರೆ 107,37,41,824 ಬೈಟ್. 25,600 ಕೋಟಿಯನ್ನು 107.37 ಕೋಟಿಯಿಂದ ಭಾಗಿಸಿ. 238 ಚಿಲ್ಲರೆ ಬಂತೇ? ಸೇರು ದೊಡ್ಡದಾದರೆ ಅದೇ ರಾಶಿ ಅಳೆದಾಗ ಕಡಿಮೆ ಸೇರು ಆಗುವ ಹಾಗೆ.

256 ಜಿ.ಬಿ. ಸಾಕೇ? ಕನ್ನಡ ಅಕ್ಷರಗಳಲ್ಲೇ ಅಳೆಯೋಣ. ಕಂಪ್ಯೂಟರುಗಳು ಜಗತ್ತಿನ ಭಾಷೆಗಳನ್ನು ಬರೆದಿಡುವ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಅದರ ಬಹುಬಳಕೆಯ ರೂಪದಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಬೇಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಗುಣಿತದ ಚಿಹ್ನೆ ಬೇರೆಯೇ ಒಂದು ಸಂಕೇತ. 'ಮಧುಗಿರಿ' ಎಂಬಲ್ಲಿ ಮ, ಧ, ಕೊಂಬು, ಗ, ಗುಡಿಸು, ರ, ಮತ್ತೊಂದು ಗುಡಿಸು ಹೀಗೆ 7 ಸಂಕೇತಗಳಿವೆ. 7 × 3 = 21 ಬೈಟ್. 200 ಪುಟದ ಪುಸ್ತಕದಲ್ಲಿ ಪುಟಕ್ಕೆ 1,500 ಸಂಕೇತಗಳೆಂದರೆ ಒಟ್ಟು 3 ಲಕ್ಷ ಸಂಕೇತ, 9 ಲಕ್ಷ ಬೈಟ್. ಅಂಥ ಪುಸ್ತಕಗಳು 256 ಜಿ.ಬಿ.ಯಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಹಿಡಿಸುತ್ತವೆ! ಜಾಗ ತಿನ್ನುವುದು ಬರಹವಲ್ಲ, ವಿಡಿಯೋ. ಫೋನಿನಲ್ಲಿ ಸ್ಪಷ್ಟವಾಗಿ ತೆಗೆದ ಒಂದು ನಿಮಿಷದ ವಿಡಿಯೋಗೆ ಸುಮಾರು 100 ಎಂ.ಬಿ. ಬೇಕೆಂದರೆ, ಒಂದು ಗಂಟೆಯ ಮದುವೆ ವಿಡಿಯೋ 6 ಜಿ.ಬಿ. ತಿನ್ನುತ್ತದೆ. ಅಂಥ ವಿಡಿಯೋಗಳು ಮನೆಯಲ್ಲಿ ಹತ್ತಾರು ಇದ್ದರೆ 512 ಜಿ.ಬಿ. ಯೋಚಿಸಿ, ಇಲ್ಲವಾದರೆ 256 ಸಾಕು.

ಎಷ್ಟು ಎನ್ನುವುದಕ್ಕಿಂತ ಎಂಥದ್ದು ಎನ್ನುವುದು ಇಲ್ಲಿ ಮುಖ್ಯ. ಹಳೆಯ ಬಗೆಯ ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆಯೊಂದು ಗಿರಗಿರ ತಿರುಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಅದರ ಸಾಮಾನ್ಯ ವೇಗ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ತಟ್ಟೆಗೆ ತಾಗದೆ, ಕೂದಲಿಗಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ಒಂದು ಓದುಮುಳ್ಳು ತೇಲುತ್ತಿರುತ್ತದೆ. ಓಡುತ್ತಿರುವಾಗ ಲ್ಯಾಪ್‌ಟಾಪ್ ಮಂಚದಿಂದ ಬಿದ್ದರೆ ಮುಳ್ಳು ತಟ್ಟೆಗೆ ಬಡಿಯಬಹುದು. ಎಸ್‌.ಎಸ್‌.ಡಿ. ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. ಚಿಪ್‌ಗಳೊಳಗೆ ವಿದ್ಯುದಾವೇಶವನ್ನು ಹಿಡಿದಿಟ್ಟು ಮಾಹಿತಿ ಉಳಿಸುತ್ತದೆ. ಬೇಗ ಓದುತ್ತದೆ, ಕಡಿಮೆ ವಿದ್ಯುತ್ ಬಳಸುತ್ತದೆ, ಕುಲುಕಾಟ ತಡೆಯುತ್ತದೆ. 256 ಜಿ.ಬಿ. ಎಸ್‌.ಎಸ್‌.ಡಿ.ಯೋ 1,000 ಜಿ.ಬಿ. ಹಾರ್ಡ್ ಡಿಸ್ಕೋ ಎಂದು ಕೇಳಿದರೆ ಎಸ್‌.ಎಸ್‌.ಡಿ.ಯನ್ನೇ ಆರಿಸಿ. ತೀರಾ ಅಗ್ಗದ ಮಾದರಿಗಳಲ್ಲಿ ಇ.ಎಂ.ಎಂ.ಸಿ. ಎಂಬ ಮೂರನೆಯ ಬಗೆ ಇರುತ್ತದೆ. ಅದೂ ಚಿಪ್ಪೇ, ಆದರೆ ನಿಧಾನ; ಸಾಮಾನ್ಯವಾಗಿ 64 ಅಥವಾ 128 ಜಿ.ಬಿ. ಅಷ್ಟೆ. ವಿಂಡೋಸ್ 11ಕ್ಕೇ ಕನಿಷ್ಠ 64 ಜಿ.ಬಿ. ಸಂಗ್ರಹ ಬೇಕೆಂಬುದನ್ನು ನೆನಪಿಡಿ.

ಕರೆಂಟು ಹೋದಾಗ

ನಮ್ಮ ಕಡೆ ಲ್ಯಾಪ್‌ಟಾಪ್ ಆರಿಸುವಾಗ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದುದು ಬ್ಯಾಟರಿಯ ಬಗ್ಗೆ. ಬೆಂಗಳೂರಿನ ಜಾಹೀರಾತುಗಳಲ್ಲಿ ಅದಕ್ಕೆ ಕೊನೆಯ ಸಾಲು. ಹಳ್ಳಿಯ ಮನೆಯಲ್ಲಿ ಅದೇ ಮೊದಲ ಸಾಲು.

ವಿದ್ಯುತ್ ಪಾಠದ ಎರಡು ಸೂತ್ರಗಳು ಇಲ್ಲಿ ಸಾಕು.

ವೋಲ್ಟ್ × ಆಂಪಿಯರ್ = ವಾಟ್
ವಾಟ್ × ಗಂಟೆ = ವಾಟ್-ಗಂಟೆ

ಬ್ಯಾಟರಿಯ ಮೇಲೆ 11.4 ವೋಲ್ಟ್, 3.6 ಆಂಪಿಯರ್-ಗಂಟೆ ಎಂದಿದ್ದರೆ ಗುಣಿಸಿ: 41 ವಾಟ್-ಗಂಟೆ. ಇದು ಬ್ಯಾಟರಿಯೊಳಗೆ ಹಿಡಿಸುವ ಶಕ್ತಿ. ಬರೆಯುವ, ಓದುವ ಹಗುರ ಕೆಲಸದಲ್ಲಿ ಲ್ಯಾಪ್‌ಟಾಪ್ ಸುಮಾರು 8 ವಾಟ್ ಬಳಸುತ್ತದೆ ಎನ್ನಿ. 41 ÷ 8 = 5 ಗಂಟೆ ದಾಟಿತು. ಪರದೆಯನ್ನು ಪೂರ್ತಿ ಬೆಳಗಿಸಿ ವಿಡಿಯೋ ನೋಡುತ್ತ 14 ವಾಟ್ ಎಳೆದರೆ ಅದೇ ಬ್ಯಾಟರಿ 3 ಗಂಟೆಗೆ ಮುಗಿಯಿತು. '10 ಗಂಟೆ ಬಾಳುತ್ತದೆ' ಎಂಬ ಜಾಹೀರಾತನ್ನು ಕಂಡರೆ ಕೇಳಿ: ಎಷ್ಟು ವಾಟ್-ಗಂಟೆಯ ಬ್ಯಾಟರಿ? 41ರಲ್ಲಿ 10 ಗಂಟೆ ಎಂದರೆ ಯಂತ್ರ 4 ವಾಟ್‌ನಲ್ಲೇ ನಡೆಯಬೇಕು. ಪರದೆಯ ಬೆಳಕು ತಗ್ಗಿಸಿ ಸುಮ್ಮನೆ ಇಟ್ಟರೆ ಉಂಟು, ಕೆಲಸ ಮಾಡಿದರೆ ಇಲ್ಲ.

ನಿಮ್ಮ ಮನೆಗೆ ಎಷ್ಟು ಗಂಟೆಯ ಬ್ಯಾಟರಿ ಬೇಕು ಎಂಬುದನ್ನು ಊಹಿಸಬೇಡಿ, ಅಳೆಯಿರಿ. ಏಳು ದಿನ ಒಂದು ಚೀಟಿ ಇಟ್ಟು ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆಯಿರಿ. ಸಂಜೆ 6ರಿಂದ 10ರವರೆಗಿನ ಓದಿನ ಹೊತ್ತಿನಲ್ಲಿ ಅತಿ ಉದ್ದದ ಅಂತರ ಎಷ್ಟು? ಅದು 2 ಗಂಟೆಯಾದರೆ 41 ವಾಟ್-ಗಂಟೆ ಧಾರಾಳವಾಯಿತು. ತೋಟದ ಮನೆಯಲ್ಲಿ ಇಡೀ ಸಂಜೆ ಕರೆಂಟು ಇರುವುದಿಲ್ಲವಾದರೆ 50 ದಾಟಿದ್ದನ್ನು ನೋಡಿ. ಈ ಚೀಟಿಯನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಬರೆದರೆ ಇನ್ನೂ ಒಳ್ಳೆಯದು.

ಈಗ ಚಾರ್ಜರ್ ತಿರುಗಿಸಿ ನೋಡಿ. ಒಳಬರುವ ವಿದ್ಯುತ್ 100-240 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವುದನ್ನು ನೀವು ಕಂಡಿದ್ದೀರಿ, ವೋಲ್ಟೇಜ್ ಇಳಿದಿರುತ್ತದೆ. 170ಕ್ಕೆ ಇಳಿದರೂ ಚಾರ್ಜರ್ ತನ್ನ ಕೆಲಸ ಮಾಡುತ್ತದೆ. ಆದರೆ 240ನ್ನು ಬಹಳ ಮೀರಿ ಏರಿದರೆ, ಸಿಡಿಲು ಬಡಿದರೆ, ಅದಕ್ಕೆ ತಡೆಯುವ ಶಕ್ತಿಯಿಲ್ಲ. ಗುಡುಗು ಶುರುವಾದೊಡನೆ ಚಾರ್ಜರ್ ಕಿತ್ತಿಡಿ. ಹೊರಹೋಗುವ ಕಡೆ 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಅದು 65 ವಾಟ್‌ನ ಚಾರ್ಜರ್.

ಇಷ್ಟೊಂದು ವಾಟ್ ಎಂದು ಕರೆಂಟ್ ಬಿಲ್ಲಿಗೆ ಹೆದರಬೇಡಿ. ದಿನಕ್ಕೊಮ್ಮೆ 41 ವಾಟ್-ಗಂಟೆ ತುಂಬಿಸಿದರೆ ತಿಂಗಳಿಗೆ 1,230 ವಾಟ್-ಗಂಟೆ, ಸೋರಿಕೆ ಸೇರಿದರೂ ಸುಮಾರು ಒಂದೂವರೆ ಯೂನಿಟ್. ಮೇಜಿನ ಮೇಲಿಡುವ ಕಂಪ್ಯೂಟರ್ ಪರದೆಯೊಂದಿಗೆ 100 ವಾಟ್ ಎಳೆಯುತ್ತದೆ ಎನ್ನಿ. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 15 ಯೂನಿಟ್. ಹತ್ತು ಪಟ್ಟು! ಕರೆಂಟು ಹೋದಾಗ ಅದು ತಕ್ಷಣ ಆರುತ್ತದೆ, ಯು.ಪಿ.ಎಸ್. ಬೇರೆ ಕೊಳ್ಳಬೇಕು.

ಪಾವಗಡದ ಮಕ್ಕಳಿಗೆ ವಾಟ್ ಹೊಸದಲ್ಲ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. 1 ಮೆಗಾವಾಟ್ ಎಂದರೆ 10 ಲಕ್ಷ ವಾಟ್. ಲ್ಯಾಪ್‌ಟಾಪ್ ಒಂದಕ್ಕೆ 10 ವಾಟ್‌ನಂತೆ, ಪೂರ್ಣ ಬಿಸಿಲಿನಲ್ಲಿ ಆ ಉದ್ಯಾನ ಒಮ್ಮೆಗೇ ಎಷ್ಟು ಲ್ಯಾಪ್‌ಟಾಪ್ ನಡೆಸಬಹುದು? ಉತ್ತರವನ್ನು ಕೊನೆಯಲ್ಲಿ ನೋಡಿ, ಮೊದಲು ನೀವೇ ಲೆಕ್ಕ ಹಾಕಿ.

ಬಿಸಿಲು ಶಕ್ತಿ ಕೊಡುತ್ತದೆ, ಹಾಗೆಯೇ ಬ್ಯಾಟರಿಯ ಆಯಸ್ಸನ್ನೂ ತಿನ್ನುತ್ತದೆ. ಲ್ಯಾಪ್‌ಟಾಪ್‌ನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಲೋಹಗಳಲ್ಲೆಲ್ಲ ಅತಿ ಹಗುರವಾದದ್ದು ಲಿಥಿಯಂ. ಈ ಬ್ಯಾಟರಿಯನ್ನು ರೂಪಿಸಿದ್ದಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಹೋಗಿ ಸೇರುತ್ತವೆ, ಬಳಸುವಾಗ ಮರಳುತ್ತವೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಹಾದಿಯಲ್ಲೇ ಕಳೆದುಹೋಗುತ್ತವೆ. 300ರಿಂದ 500 ಸುತ್ತು ಆಗುವ ಹೊತ್ತಿಗೆ ಸಾಮರ್ಥ್ಯ ಸುಮಾರು 80 ಶೇಕಡಕ್ಕೆ ಇಳಿದಿರುವುದು ಸಾಮಾನ್ಯ. ಶಾಖ ಹೆಚ್ಚಿದಷ್ಟೂ ಈ ನಷ್ಟ ಬೇಗ. ಲ್ಯಾಪ್‌ಟಾಪ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಿ ಎಂದಿರುತ್ತದೆ. ಏಪ್ರಿಲ್‌ನಲ್ಲಿ ಶಿರಾದ ಶೀಟಿನ ಮನೆಯೊಳಗೆ ಮಧ್ಯಾಹ್ನ ಎರಡು ಗಂಟೆಗೆ ಉಷ್ಣತಾಮಾಪಕ ಇಟ್ಟು ನೋಡಿ! ಆ ಹೊತ್ತಿನಲ್ಲಿ ಚಾರ್ಜ್ ಮಾಡುವುದು ಬೇಡ, ಬೆಳಗಿನ ತಂಪು ಹೊತ್ತು ವಾಸಿ. ಹಾಸಿಗೆಯ ಮೇಲಿಟ್ಟರೆ ಅಡಿಯ ಗಾಳಿಕಂಡಿಗಳು ಮುಚ್ಚಿ ಬಿಸಿ ಏರುತ್ತದೆ. ಮಣೆಯೊಂದನ್ನು ಅಡಿಗಿಟ್ಟುಕೊಳ್ಳಿ.

ಪರದೆ

15.6 ಇಂಚು ಎಂದರೆ ಅಗಲವಲ್ಲ, ಮೂಲೆಯಿಂದ ಮೂಲೆಗೆ, ಅಂದರೆ ಕರ್ಣ. ಅಗಲ 13.6 ಇಂಚು, ಎತ್ತರ 7.65 ಇಂಚು ಇರುತ್ತದೆ. ಪೈಥಾಗೊರಸ್ ಪ್ರಮೇಯ ಕಲಿತವರು ತಾಳೆ ನೋಡಿ. 14 ಇಂಚಿನದು ಸ್ವಲ್ಪ ಹಗುರ, ಬ್ಯಾಟರಿಯೂ ಸ್ವಲ್ಪ ಹೆಚ್ಚು ಬಾಳಬಹುದು. ಅಜ್ಜನ ಕಣ್ಣಿಗೆ 15.6 ಹಿತ. 1366 × 768 ಚುಕ್ಕೆಗಳ ಪರದೆಗಿಂತ 1920 × 1080 ಚುಕ್ಕೆಗಳದರಲ್ಲಿ ಚುಕ್ಕೆಗಳು ಸುಮಾರು ಎರಡರಷ್ಟು. ಒತ್ತಕ್ಷರಗಳು ಒಡೆಯದೆ ಕಾಣುತ್ತವೆ.

ಅಗ್ಗದ ಕಂಪ್ಯೂಟರ್: ನಮ್ಮ ನಾಡಿನ ಮೂರು ಪ್ರಯತ್ನಗಳು

ಸಾಮಾನ್ಯರ ಕೈಗೆಟುಕುವ ಕಂಪ್ಯೂಟರ್ ಮಾಡಬೇಕೆಂಬ ಕನಸಿಗೆ ಕರ್ನಾಟಕದಲ್ಲಿ ಕಾಲು ಶತಮಾನದ ಚರಿತ್ರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 'ಸಿಂಪ್ಯೂಟರ್' ರೂಪಿಸಿದರು. ಸರಳ, ಅಗ್ಗ, ಬಹುಭಾಷೆಯ ಜನರ ಕಂಪ್ಯೂಟರ್ ಎಂದು ಆ ಹೆಸರಿನ ಅರ್ಥ. ಅಂಗೈಯಗಲದ ಯಂತ್ರ, ಲಿನಕ್ಸ್‌ನಲ್ಲಿ ನಡೆಯುತ್ತಿತ್ತು. 2001ರಲ್ಲಿ ಮೊದಲ ಮಾದರಿಗಳು ಹೊರಬಂದವು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಹತ್ತು ಹನ್ನೆರಡು ಸಾವಿರ ರೂಪಾಯಿಯಿಂದ ಮಾರಾಟಕ್ಕೆ ಬಂತು. ಅದರ ರ್‍ಯಾಮ್ 64 ಎಂ.ಬಿ.; ಇಂದಿನ 8 ಜಿ.ಬಿ. ಅದರ 128 ಪಟ್ಟು.

ಸಿಂಪ್ಯೂಟರ್‌ನ ಜಾಣತನ ಇದ್ದದ್ದು ಹಂಚಿಕೊಳ್ಳುವ ಯೋಚನೆಯಲ್ಲಿ. ಯಂತ್ರ ಊರಿಗೊಂದೇ ಇದ್ದರೂ ಪ್ರತಿಯೊಬ್ಬರಿಗೂ ಸ್ವಂತದ ಒಂದು ಸ್ಮಾರ್ಟ್ ಕಾರ್ಡ್. ಕಾರ್ಡ್ ತೂರಿಸಿದರೆ ನಿಮ್ಮ ಮಾಹಿತಿ ನಿಮಗೆ. ಮಾರಾಟ ನಿರೀಕ್ಷಿಸಿದಷ್ಟು ಆಗಲಿಲ್ಲ, ಫೋನುಗಳೇ ಬೇಗ ಅಗ್ಗವಾಗಿ ಮುಂದೆ ಹೋದವು. ಆದರೆ ಆ ಯೋಚನೆಯನ್ನು ನಿಮ್ಮ ಮನೆಯಲ್ಲಿ ಇಂದೂ ಬಳಸಬಹುದು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪನಿಗೆ, ಅಮ್ಮನಿಗೆ, ಅಕ್ಕನಿಗೆ, ನಿಮಗೆ ಬೇರೆ ಬೇರೆ ಖಾತೆ ತೆರೆಯಿರಿ, ಬೇರೆ ಬೇರೆ ಗುಪ್ತಪದ ಇರಲಿ. ತಮ್ಮ ಆಟವಾಡುತ್ತ ಸಂಘದ ಲೆಕ್ಕ ಅಳಿಸಿಬಿಡುವ ಭಯ ತಪ್ಪುತ್ತದೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಇದು ಕರ್ನಾಟಕದ್ದಲ್ಲ, ಇಡೀ ದೇಶದ ವಿದ್ಯಾರ್ಥಿಗಳಿಗೆಂದು ಬಂದದ್ದು. ಬೆಲೆ ಬೆರಗುಗೊಳಿಸುವಷ್ಟು ಕಡಿಮೆ. ಆದರೆ 366 ಮೆಗಾಹರ್ಟ್ಸ್‌ನ ಪ್ರೊಸೆಸರ್, 256 ಎಂ.ಬಿ. ರ್‍ಯಾಮ್, ನಿಧಾನ, ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ದೂರುಗಳು ಬಂದು, ಮರುವರ್ಷವೇ ಸುಧಾರಿತ ಮಾದರಿ ತರಬೇಕಾಯಿತು. ಕಣ ತೀರಾ ಚಿಕ್ಕದಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೂರನೆಯದು ತೀರ ಇತ್ತೀಚಿನದು. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕರ್ನಾಟಕ ಸರ್ಕಾರ 'ಕಿಯೋ' ಎಂಬ ಪುಟ್ಟ ಕಂಪ್ಯೂಟರನ್ನು ತೋರಿಸಿತು. ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಇದಕ್ಕೆ ಆಗ ಹೇಳಿದ ಬೆಲೆ 18,999 ರೂ. ಲಿನಕ್ಸ್‌ನಲ್ಲಿ ನಡೆಯುತ್ತದೆ. ಇದು ಲ್ಯಾಪ್‌ಟಾಪ್ ಅಲ್ಲ. ಪರದೆ, ಕೀಲಿಮಣೆಗಳನ್ನು ಜೋಡಿಸಬೇಕಾದ ಸಣ್ಣ ಪೆಟ್ಟಿಗೆ. ಆದ್ದರಿಂದ ಹೋಲಿಸುವಾಗ ಪರದೆಯ ಬೆಲೆಯನ್ನೂ ಕರೆಂಟು ಹೋದಾಗಿನ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು.

ಬಳಸಿದ ಲ್ಯಾಪ್‌ಟಾಪ್ ಕೊಳ್ಳಬಹುದೇ?

ಕೊಳ್ಳಬಹುದು. ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್‌ಗಳು ತುಮಕೂರು, ಬೆಂಗಳೂರಿನ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುವುದುಂಟು. ಎರಡು ಪರೀಕ್ಷೆ ತಪ್ಪದೆ ಮಾಡಿಸಿ. ಬ್ಯಾಟರಿಯ ವರದಿ ತೆಗೆದು ತೋರಿಸಲು ಹೇಳಿ. ತಯಾರಾದಾಗಿನ ಸಾಮರ್ಥ್ಯ 41, ಈಗ ಪೂರ್ಣ ತುಂಬಿದಾಗ 23 ಎಂದಿದ್ದರೆ ಉಳಿದಿರುವುದು ಶೇಕಡ 56. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಎರಡನೆಯದು ಪ್ರೊಸೆಸರ್‌ನ ಪೀಳಿಗೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು ಅಧಿಕೃತವಾಗಿ ಹಾಕಲು ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದಿರಬೇಕು. ಅದಕ್ಕಿಂತ ಹಳೆಯದಾದರೆ ಉಬುಂಟು ಮೊದಲಾದ ಲಿನಕ್ಸ್ ಹಾಕಿಕೊಳ್ಳಬಹುದು. ಉಚಿತ, ಕನ್ನಡವೂ ಬರುತ್ತದೆ.

ಕನ್ನಡದ ಮಾತು ಬಂದಿದ್ದರಿಂದ ಇದೊಂದು ಹೇಳಿಬಿಡುತ್ತೇನೆ. 'ಕನ್ನಡ ಹಾಕಿಕೊಡಲು' ಯಾರಾದರೂ ಬೇರೆ ಹಣ ಕೇಳಿದರೆ ಕೊಡಬೇಡಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ, ಆರಿಸಿಕೊಂಡರೆ ಸಾಕು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವೂ ಉಚಿತ. ಅದರ ಕೀಲಿ ವಿನ್ಯಾಸಕ್ಕೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ವಿನ್ಯಾಸ.

ಅಂಗಡಿಯಲ್ಲಿ

ಬೆಲೆ ಕೇಳುವಾಗ ಜಿ.ಎಸ್.ಟಿ. ಸೇರಿದೆಯೇ ಎಂದು ಕೇಳಿ. ಲ್ಯಾಪ್‌ಟಾಪ್‌ಗೆ ತೆರಿಗೆ ಶೇಕಡ 18. 30,000 ರೂ. ಎಂದದ್ದು ಬಿಲ್ಲಿನಲ್ಲಿ 35,400 ಆದೀತು. 'ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ' ಎಂದರೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಒಂದು ವರ್ಷದ ವಾರಂಟಿ ಕೇಳುವುದು ಕಷ್ಟ. ದುರಸ್ತಿ ಕೇಂದ್ರ ಎಲ್ಲಿದೆ ಎಂದೂ ಕೇಳಿ. ಪಾವಗಡದಿಂದ ತುಮಕೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋಯಿತು. ಮನೆ ಬಾಗಿಲಿಗೇ ಬಂದು ಸರಿಪಡಿಸುವ ವಾರಂಟಿ ಕೆಲವು ಮಾದರಿಗಳಿಗಿದೆ. ಅದು ನಮ್ಮ ಪಿನ್‌ಕೋಡ್‌ಗೆ ಉಂಟೇ ಎಂದು ಬರೆಸಿಕೊಳ್ಳಿ.

ಕೊನೆಗೆ ಹದಿನೈದು ನಿಮಿಷ ಕೂತು ಬಳಸಿ. ಆರಿಸಿ, ಮತ್ತೆ ಹಚ್ಚಿ, ಎಷ್ಟು ಸೆಕೆಂಡಿನಲ್ಲಿ ಏಳುತ್ತದೆ ಎಣಿಸಿ. ಕನ್ನಡದಲ್ಲಿ ನಿಮ್ಮ ಊರಿನ ಹೆಸರು ಬರೆಯಿರಿ. ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಒತ್ತಿ. ಹಾಡು ಹಾಕಿ, ಕ್ಯಾಮೆರಾ ತೆರೆಯಿರಿ, ಚಾರ್ಜರ್ ಕಿತ್ತು ನೋಡಿ. ಅಂಗಡಿಯವರು ಅವಸರ ಮಾಡಿದರೆ ಮಾಡಲಿ.

ಇನ್ನೊಂದು ಸಂಗತಿ: ರ್‍ಯಾಮ್ ಮತ್ತು ಎಸ್‌.ಎಸ್‌.ಡಿ. ಚಿಪ್‌ಗಳ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಚಿಪ್‌ಗಳನ್ನು ರಾಶಿಗಟ್ಟಲೆ ಕೊಂಡದ್ದೇ ಕಾರಣ. ನೆರೆಯವರು ಹಿಂದೆ ಕೊಂಡ ಬೆಲೆಯನ್ನು ನಂಬಿ ಹೊರಡದೆ, ಹೋಗುವ ವಾರದಲ್ಲೇ ಎರಡು ಮೂರು ಕಡೆ ವಿಚಾರಿಸಿ.

ನೀವೇ ಮಾಡಿ

1. ಚಾರ್ಜರ್ ಮೇಲೆ 19.5 ವೋಲ್ಟ್, 2.31 ಆಂಪಿಯರ್ ಎಂದಿದೆ. ಎಷ್ಟು ವಾಟ್?
2. 42 ವಾಟ್-ಗಂಟೆಯ ಬ್ಯಾಟರಿ, 7 ವಾಟ್ ಬಳಸುವ ಯಂತ್ರ. ಎಷ್ಟು ಗಂಟೆ ನಡೆದೀತು? ಬ್ಯಾಟರಿ ಹಳತಾಗಿ ಶೇಕಡ 80ಕ್ಕೆ ಇಳಿದ ಮೇಲೆ?
3. 512 ಜಿ.ಬಿ. ಎಂದು ಕೊಂಡ ಸಂಗ್ರಹ ವಿಂಡೋಸ್‌ನಲ್ಲಿ ಎಷ್ಟೆಂದು ಕಾಣುತ್ತದೆ?
4. ಶಿರಾ, ಪಾವಗಡ, ಕೊರಟಗೆರೆ: ಈ ಹೆಸರುಗಳು ಎಷ್ಟೆಷ್ಟು ಬೈಟ್ ತೆಗೆದುಕೊಳ್ಳುತ್ತವೆ? ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚು ಜಾಗ ಯಾವುದಕ್ಕೆ? ನಿಮ್ಮ ಊರಿಗೆ?
5. ಏಳು ದಿನದ ಕರೆಂಟಿನ ಚೀಟಿಯನ್ನು ತರಗತಿಯಲ್ಲಿ ಎಲ್ಲರೂ ಹೋಲಿಸಿ. ಒಂದೇ ಊರಿನ ಬೇರೆ ಬೇರೆ ಬೀದಿಗಳಲ್ಲಿ, ಊರಿಗೂ ತೋಟದ ಮನೆಗೂ ವ್ಯತ್ಯಾಸವಿದೆಯೇ?

ಉತ್ತರಗಳು: (1) ಸುಮಾರು 45 ವಾಟ್. (2) 6 ಗಂಟೆ, ಆಮೇಲೆ 4.8 ಗಂಟೆ, ಅಂದರೆ 4 ಗಂಟೆ 48 ನಿಮಿಷ. (3) ಸುಮಾರು 477 ಜಿ.ಬಿ. (4) 12, 15, 24. ಹೆಚ್ಚು ಜಾಗ ಕೊರಟಗೆರೆಗೆ. ಸೌರ ಉದ್ಯಾನದ ಲೆಕ್ಕ: 20.5 ಕೋಟಿ ಲ್ಯಾಪ್‌ಟಾಪ್‌ಗಳು.